ಗಂಟಲಿಗೆ ಏನು ಕೊಡ್ಲಿ ಅಂತ ಎಲ್ರೂ ಕೇಳ್ತಾರೆ, ಶ್ರುತಿ ಎಷ್ಟಿರ್ಬೇಕು ಅಂತ ಯಾರೂ ಕೇಳಲ್ಲ

ಈ ಸಲ ಬಂದಿರೋ ಪ್ರಶ್ನೆಗಳಲ್ಲೂ ಅರ್ಧಕ್ಕರ್ಧ ಒಂದೇ: ಕಂಠ ಚೆನ್ನಾಗಾಗೋಕೆ ಏನು ತಿನ್ಬೇಕು? ವಾಯ್ಸ್ ಥೆರಪಿಸ್ಟ್ ಆಗಿ ಇದನ್ನ ಎಷ್ಟು ಸಲ ಹೇಳಿದ್ದೀನೋ ಗೊತ್ತಿಲ್ಲ, ಮತ್ತೆ ಹೇಳ್ತೀನಿ, ನುಂಗಿದ್ದು ಯಾವುದೂ ಧ್ವನಿತಂತು, ಅಂದ್ರೆ ಶ್ವಾಸನಾಳದ ಬಾಯಲ್ಲಿ ಅದುರಿ ಧ್ವನಿ ಹುಟ್ಟಿಸೋ ಎರಡು ಮಡಿಕೆ, ಮುಟ್ಟಲ್ಲ. ನುಂಗೋ ಹೊತ್ತಿಗೆ ಶ್ವಾಸನಾಳದ ಬಾಯಿ ಮುಚ್ಕೊಂಡಿರುತ್ತೆ, ಒಂದು ತೊಟ್ಟು ನೀರು ಆ ಕಡೆ ಹೋದ್ರೂ ನೆತ್ತಿಗೆ ಹತ್ತಿ ಕೆಮ್ಮಿ ಕೆಮ್ಮಿ ಸುಸ್ತಾಗ್ತೀರಲ್ಲ, ಹಾಗಿರುವಾಗ ಜೇನುತುಪ್ಪ ಅಲ್ಲಿಗೆ ಹೇಗೆ ಹೋಗ್ಬೇಕು? ಕಲ್ಲುಸಕ್ಕರೆ ಮೆಣಸು, ಶುಂಠಿ, ಜ್ಯೇಷ್ಠಮಧು ಎಲ್ಲ ಗಂಟಲ ಕೆರೆತಕ್ಕೆ ಹಿತ, ತಗೊಳ್ಳಿ, ನಂದೇನೂ ಅಡ್ಡಿ ಇಲ್ಲ. ಆದ್ರೆ 30 ದಿನದಲ್ಲಿ ಕೋಗಿಲೆ ಕಂಠ ಅಂತ ಲೇಹ್ಯ ಮಾರೋರಿಗೆ ದುಡ್ಡು ಸುರೀಬೇಡಿ. ದಿನವಿಡೀ ಸ್ವಲ್ಪ ಸ್ವಲ್ಪ ನೀರು ಕುಡೀರಿ, ಗಂಟಲು ಒಣಗಿದ್ರೆ ಬರೀ ಬಿಸಿನೀರಿನ ಹಬೆ ತಗೊಳ್ಳಿ, ಅದಕ್ಕೆ ಬಾಮ್ ಗೀಮ್ ಬೇಡ.

ಈಗ ಹಾಸನದಿಂದ ಒಬ್ಬ ತಾಯಿ ಬರೆದಿರೋದು, ಈ ಸಲ ಜಾಸ್ತಿ ಜಾಗ ಇದಕ್ಕೇ. ಮಗಳಿಗೆ 12 ವರ್ಷ, ನಾಲ್ಕು ವರ್ಷದಿಂದ ಕರ್ನಾಟಕ ಸಂಗೀತ ಕಲೀತಿದಾಳೆ, ಎರಡು ತಿಂಗಳಿಂದ ಧ್ವನಿ ಗೊಗ್ಗರಾಗಿದೆ. ಇಎನ್‌ಟಿ ಡಾಕ್ಟ್ರು ಕ್ಯಾಮೆರಾ ಹಾಕಿ ನೋಡಿ ತಂತುಗಳ ಮೇಲೆ ಗಂಟಾಗಿದೆ ಅಂದ್ರಂತೆ. ಟೀಚರ್ ಮಾತ್ರ "ಸಾಧನೆ ನಿಲ್ಲಿಸ್ಬೇಡಿ, ಗಂಟಲು ಒಡೆದ್ರೇನೇ ಪಳಗೋದು" ಅಂತಿದಾರಂತೆ. ಮುಂದಿನ ತಿಂಗಳು ಜೂನಿಯರ್ ಪರೀಕ್ಷೆ. ಆಪರೇಷನ್ ಮಾಡಿಸಿಬಿಡ್ಲಾ ಅಂತ ಕೇಳ್ತಿದಾರೆ.

ಬೇಡ ತಾಯಿ. ಮೊದಲು ಆ ಗಂಟು ಯಾಕೆ ಆಯ್ತು ಅಂತ ನೋಡಿ. ನಿಮ್ಮ ಮಗಳು ಹಾಡೋದು ಐದೂವರೆ ಮನೆ ಶ್ರುತಿಗೆ ಅಂತ ಬರೆದಿದೀರ. ಶ್ರುತಿ ಅಂದ್ರೆ ಹಾಡೋವಾಗ 'ಸ' ಹಿಡಿಯೋ ಎತ್ತರ, ಅದನ್ನ ಹಾರ್ಮೋನಿಯಂ ಮನೆಗಳಲ್ಲಿ ಎಣಿಸ್ತಾರೆ, ಮನೆ ಏರಿದಷ್ಟೂ ಎತ್ತರ. ಆ ಶ್ರುತಿಯ ತಾರ ಷಡ್ಜ, ಅಂದ್ರೆ ಮೇಲಿನ 'ಸ', ಹಿಡಿದಾಗ ತಂತುಗಳು ಒಂದು ಸೆಕೆಂಡಿಗೆ ಸುಮಾರು 415 ಸಲ ಒಂದಕ್ಕೊಂದು ಬಡೀತವೆ, ಅಂದ್ರೆ ಒಂದು ನಿಮಿಷಕ್ಕೆ ಹತ್ರತ್ರ 25 ಸಾವಿರ ಸಲ. ಮೆತ್ತಗೆ ಬಡಿದ್ರೆ ಏನೂ ಆಗಲ್ಲ, ಅದಕ್ಕಂತಲೇ ಮಾಡಿದ ತಂತು ಅದು. ಎಟುಕದ ಸ್ವರಕ್ಕೆ ಕತ್ತು ಬಿಗಿ ಮಾಡಿ ಜೋರಾಗಿ ಕೂಗಿದ್ರೆ, ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುತ್ತಲ್ಲ, ಹಾಗೇ ಎರಡೂ ತಂತು ಎದುರುಬದುರು ಜಡ್ಡುಗಟ್ಟುತ್ತೆ. ನಿಮ್ಮ ಟೀಚರ್ "ಒಡೆಯೋದು" ಅಂತಿರೋದು ಇದನ್ನೇ, ಅದು ಗಾಯ. ಕುತ್ತಿಗೆ ಮಟ್ಟ ನೀರಲ್ಲಿ ನಿಂತು ಬೆಳಗಿನ ಜಾವ ಕಿರುಚಿಸಿದ್ರೆ ಕಂಠ ಗಟ್ಟಿ ಆಗುತ್ತೆ ಅನ್ನೋರೂ ಇದಾರೆ, ಹಾಗೆ ಮಾಡಿ ಧ್ವನಿ ಕಳ್ಕೊಂಡೋರನ್ನ ಅವರು ನೋಡಿಲ್ಲ, ನಾನು ನೋಡ್ತೀನಿ.

ನನ್ನ ಹತ್ರ ಬಂದ ಇಂಥದ್ದೇ ಒಂದು ಹುಡುಗಿಗೆ ಜಂಟಿ ವರಸೆ (ಸಸ ರಿರಿ ಅಂತ ಜೋಡಿ ಸ್ವರದ ಪಾಠ) ಹಾಡಮ್ಮ ಅಂದೆ. ಪಂಚಮದ ತನಕ ಚೆನ್ನಾಗಿತ್ತು. ಧೈವತಕ್ಕೆ ಗದ್ದ ಮೇಲೆದ್ದು ಹೆಗಲು ಕಿವಿ ಹತ್ರ ಬಂತು, ಷಡ್ಜಕ್ಕೆ ಕತ್ತಿನ ನರ ಹುರಿಹಗ್ಗದ ಥರ ಎದ್ದು ನಿಂತ್ವು. ನಾನೇನೂ ಹೇಳ್ಲಿಲ್ಲ, ತಂಬೂರಿ ಆಪಲ್ಲಿ ಶ್ರುತಿನ ನಾಲ್ಕೂವರೆ ಮನೆಗೆ ಇಳಿಸ್ದೆ ಅಷ್ಟೆ. ಅದೇ ವರಸೆ ಮತ್ತೆ ಹಾಡಿದ್ಲು, ಗದ್ದ ತಾನಾಗೇ ಇದ್ದಲ್ಲೇ ಇತ್ತು. ಪಕ್ಕದಲ್ಲಿ ಕೂತಿದ್ದ ಅವರಮ್ಮ "ಶ್ರುತಿ ಇಳಿಸಿದ್ರೆ ಮರ್ಯಾದೆ ಕಮ್ಮಿ ಅಲ್ವಾ ಮೇಡಂ" ಅಂದ್ರು. ಆ ಮಾತು ಕೇಳಿ ನಂಗೆ ನಿಜವಾಗ್ಲೂ ಸಂಕಟ ಆಯ್ತು, ಮಗುಗೆ ಶ್ರುತಿ ಅಂದ್ರೆ ಚಪ್ಪಲಿ ಸೈಜ್ ಇದ್ದ ಹಾಗೆ, ಅಕ್ಕಪಕ್ಕದ ಮಕ್ಕಳದ್ದು ಐದೂವರೆ ಅಂತ ಇವಳಿಗೂ ಅದನ್ನೇ ತೊಡಿಸೋಕಾಗುತ್ತಾ?

ನಿಮ್ಮ ಮಗಳಿಗೆ ಈಗ ಮಾಡ್ಬೇಕಿರೋದು, ಪರೀಕ್ಷೆ ಈ ಸಲ ಬಿಡಿ, ಮುಂದೆ ಕಟ್ಟಬಹುದು. ಸ್ಕೂಲ್ ಗ್ರೌಂಡಲ್ಲಿ ಕಿರುಚೋದು, ಕೋಣೆಯಿಂದ ಕೋಣೆಗೆ "ಅಮ್ಮಾ" ಅಂತ ಕೂಗೋದು ನಿಲ್ಲಬೇಕು, ಮಕ್ಕಳಲ್ಲಿ ಹಾಡಿಗಿಂತ ಕಿರುಚಾಟದಿಂದಲೇ ಗಂಟು ಜಾಸ್ತಿ. ಗಂಟಲು ಕ್ಯಾಕರಿಸೋ ಅಭ್ಯಾಸ ಇದ್ರೆ ಅದೂ ಬೇಡ, ಬದಲಿಗೆ ಒಂದು ಗುಟುಕು ನೀರು. ಪಿಸುಮಾತಾಡ್ಸಿ ರೆಸ್ಟ್ ಕೊಡ್ತೀವಿ ಅಂತೀರಲ್ಲ, ಒತ್ತಿ ಪಿಸುಗುಟ್ಟೋದೂ ಆಯಾಸನೇ, ಮೆತ್ತಗೆ ಮಾತಾಡ್ಲಿ. ಲೋಟದಲ್ಲಿ ನೀರು ಹಾಕಿ ಸ್ಟ್ರಾ ಒಂದೆರಡು ಬೆರಳು ಮುಳುಗೋಷ್ಟು ಇಟ್ಟು, ಅದರೊಳಗೆ "ಊ" ಅಂತ ಗುಳ್ಳೆ ಎಬ್ಬಿಸ್ತಾ ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ಜಾರಿಸ್ಬೇಕು, ಎರಡೆರಡು ನಿಮಿಷ, ದಿನಕ್ಕೆ ನಾಲ್ಕೈದು ಸಲ. ನೋಡೋಕೆ ಆಟದ ಥರ ಇದೆ, ಆದ್ರೆ ತಂತುಗಳು ಒತ್ತಡ ಇಲ್ದೆ ಅದುರೋದನ್ನ ಇದರಷ್ಟು ಸುಲಭವಾಗಿ ಕಲಿಸೋದು ಬೇರೆ ಕಮ್ಮಿ. ಇದನ್ನೂ ಒಮ್ಮೆ ತಿಳಿದವರ ಎದುರಿಗೆ ಮಾಡಿ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1966ರಿಂದ ಇದೆ, ಅಲ್ಲಿ ಧ್ವನಿ ತೊಂದರೆಗೇ ಅಂತ ಪ್ರತ್ಯೇಕ ನೋಡ್ತಾರೆ, ಹಾಸನಕ್ಕೆ ದೂರಾನೂ ಅಲ್ಲ. ಮಕ್ಕಳ ಗಂಟು ಬಹುಪಾಲು ಥೆರಪಿಯಲ್ಲೇ ಕರಗುತ್ತೆ, ಕೆಲವು ವಾರ ಅಥವಾ ಕೆಲವು ತಿಂಗಳು. ಆಪರೇಷನ್ ಮಾಡ್ಸಿ ಹಾಡೋ ರೀತಿ ಹಾಗೇ ಇಟ್ಕೊಂಡ್ರೆ ಗಂಟು ವಾಪಸ್ ಬರುತ್ತೆ.

ಗಂಗೂಬಾಯಿ ಹಾನಗಲ್ ಅವರಿಗೆ ಗಂಟಲು ಆಪರೇಷನ್ ಆದ್ಮೇಲೇ ಅಷ್ಟು ದೊಡ್ಡ ಧ್ವನಿ ಬಂತಲ್ಲ ಅಂತ ಇನ್ನೊಬ್ರು ವಾದ ಮಾಡಿದಾರೆ. ಅವರ ಸಣ್ಣ ಕಂಠ ಆಮೇಲೆ ಗಡುಸಾಗಿದ್ದು ನಿಜ. ಆ ಬದಲಾದ ಧ್ವನಿಯಲ್ಲೇ ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಹಾಡುಗಾರಿಕೆನ ಕಟ್ಕೊಂಡು ದಶಕಗಟ್ಟಲೆ ಹಾಡಿದ್ದು ಅವರ ತಪಸ್ಸು, ಆಪರೇಷನ್ನಿನ ಹೆಗ್ಗಳಿಕೆ ಅಂತ ದಯವಿಟ್ಟು ಹೇಳ್ಬೇಡಿ.

ಐಸ್‌ಕ್ರೀಮ್ ತಿನ್ಬಹುದಾ? ತಿನ್ನಿ, ರಾತ್ರಿ ಹನ್ನೊಂದಕ್ಕೆ ಬೋಂಡಾ ತಿಂದು ಮಲಗೋದು ಬಿಡಿ, ಆಸಿಡ್ ಮೇಲೆ ಬಂದ್ರೆ ಬೆಳಿಗ್ಗೆ ಧ್ವನಿ ಏಳಲ್ಲ.

ಹುಡುಗನಿಗೆ 14, ಧ್ವನಿ ಒಡೀತಿದೆ, ಪಾಠ ನಿಲ್ಲಿಸ್ಬೇಕಾ? ನಿಲ್ಲಿಸ್ಬೇಡಿ, ಶ್ರುತಿ ಇಳಿಸಿ, ಮೆತ್ತಗೆ ಹಾಡಿಸಿ.

ಕಾರ್ಯಕ್ರಮದ ದಿನ ಗಂಟಲು ಕೂತ್ರೆ ಇಂಜೆಕ್ಷನ್ ಹಾಕಿಸ್ಕೊಳ್ಬಹುದಾ? ತಂತು ನೋಡದೆ ಸ್ಟೀರಾಯ್ಡ್ ಚುಚ್ಚೋ ಯಾರ ಹತ್ರಾನೂ ಹೋಗ್ಬೇಡಿ, ಊದಿದ ತಂತುಲಿ ಜೋರು ಹಾಡಿ ರಕ್ತನಾಳ ಒಡೆದ್ರೆ ಒಂದು ಕಾರ್ಯಕ್ರಮಕ್ಕೆ ಹೋಗಿ ಹತ್ತು ಕಾರ್ಯಕ್ರಮ ಹೋಗುತ್ತೆ.

ಕೊನೇದು, ಭಜನಾ ಮಂಡಳಿಯ ಹಿರಿಯರೊಬ್ಬರದ್ದು. 58 ವರ್ಷ, ಬೀಡಿ ಅಭ್ಯಾಸ ಇದೆ, ಮೂರು ತಿಂಗಳಿಂದ ಧ್ವನಿ ಒಡಕು, ಯಾವ ಕಷಾಯ ಒಳ್ಳೇದು ಅಂತ ಕೇಳಿದಾರೆ. ಅಣ್ಣಾ, ಕಷಾಯ ಪಕ್ಕಕ್ಕಿಡಿ. ಮೂರು ವಾರ ದಾಟಿದ ಗೊಗ್ಗರು ಧ್ವನಿ ಯಾರಿಗೇ ಇರ್ಲಿ ತಂತು ನೋಡಿಸ್ಲೇಬೇಕು, ಬೀಡಿ ಸೇದೋರಿಗೆ ಅಂತೂ ಒಂದು ದಿನಾನೂ ತಡ ಮಾಡೋ ಹಾಗಿಲ್ಲ, ಧ್ವನಿಪೆಟ್ಟಿಗೆ ಕ್ಯಾನ್ಸರ್ ಶುರುವಾಗೋದೂ ಎಷ್ಟೋ ಸಲ ಹೀಗೇ, ಬೇಗ ಗೊತ್ತಾದ್ರೆ ಚೆನ್ನಾಗಿ ವಾಸಿ ಆಗೋ ಕ್ಯಾನ್ಸರೂ ಅದೇ. ನಾಳೆ ಬೆಳಿಗ್ಗೆನೇ ಇಎನ್‌ಟಿ ಹತ್ರ ಹೋಗಿ, ಮನೇಲಿ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗಿ.