ಓದುಗರ ಪ್ರಶ್ನೆ: ಅಂಗಡಿಯಲ್ಲಿ ಕೈ ಚಾಚುವಂಥ ಮುಖಪುಟ

ಪ್ರಶ್ನೆ: ಗೋಣಿಕೊಪ್ಪ ಹತ್ತಿರ ನಮ್ಮದೊಂದು ಯುವಕ ಸಂಘ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ವಿಶೇಷಾಂಕ ತರುತ್ತಿದ್ದೇವೆ. ಮುಖಪುಟದಲ್ಲಿ ಕದಿರು, ಕೋಲಾಟ, ತಲಕಾವೇರಿ, ಕಾಫಿ ತೋಟ, ಜೊತೆಗೆ ಪದಾಧಿಕಾರಿಗಳ ಫೋಟೋ ಎಲ್ಲವೂ ಬೇಕು ಅಂತ ಹಿರಿಯರ ಆಸೆ. ಜನ ಕೊಂಡುಕೊಳ್ಳಬೇಕಾದರೆ ಏನು ಮಾಡಬೇಕು?

ಉತ್ತರ: ಒಂದೇ ಚಿತ್ರ ಹಾಕಿ. ಪದಾಧಿಕಾರಿಗಳಿಗೆ ಒಳಗೆ ಒಳ್ಳೆಯ ಪುಟ ಕೊಡಿ, ಹಿರಿಯರಿಗೂ ಬೇಜಾರಾಗಲ್ಲ.

ನಿಮ್ಮ ಬಸ್ ಸ್ಟ್ಯಾಂಡಿನ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಪತ್ರಿಕೆಗಳನ್ನು ದಾರಕ್ಕೆ ಕ್ಲಿಪ್ ಹಾಕಿ ನೇತು ಹಾಕಿರುತ್ತಾರೆ, ಇಲ್ಲಾಂದ್ರೆ ಒಂದರ ಮೇಲೊಂದು ಜೋಡಿಸಿರುತ್ತಾರೆ, ಎಷ್ಟೋ ಸಲ ಕಾಣುವುದು ಮೇಲಿನ ಒಂದು ಪಟ್ಟಿ ಮಾತ್ರ. ಪತ್ರಿಕೆಯ ಹೆಸರು ತಲೆಯ ಮೇಲೇ ಇರುವುದು ಅದಕ್ಕೇ. ವಿರಾಜಪೇಟೆ ಬಸ್ಸು ಬಂತಾ ಅಂತ ನೋಡುತ್ತಾ ನಿಂತವರು ಐದು ಚಿತ್ರಗಳನ್ನು ಬಿಡಿಸಿ ನೋಡುತ್ತಾ ಕೂರುವುದಿಲ್ಲ.

ಯಾವ ಚಿತ್ರ? ಕದಿರು ಕೊಯ್ಯುವ ಕೈ, ಹತ್ತಿರದಿಂದ. ದೂರದಿಂದ ತೆಗೆದ ಗುಂಪಿನ ಫೋಟೋದಲ್ಲಿ ಯಾರ ಮುಖವೂ ಗೊತ್ತಾಗಲ್ಲ. ಆದರೆ ಕದಿರು ತೆಗೆಯುವುದು ರಾತ್ರಿ, ಅಲ್ವಾ? ಇಲ್ಲಿ ಹುಷಾರಾಗಿರಬೇಕು. ಮೊಬೈಲ್ ಪರದೆಗೆ ತನ್ನದೇ ಬೆಳಕಿದೆ, ಕಾಗದಕ್ಕಿಲ್ಲ. ಶಾಯಿ ಕಾಗದದಲ್ಲಿ ಸ್ವಲ್ಪ ಹರಡುತ್ತದೆ, ಹಾಗಾಗಿ ಮೊಬೈಲಿನಲ್ಲಿ ಚೆನ್ನಾಗಿ ಕಂಡ ಕತ್ತಲೆಯ ಫೋಟೋ ಪ್ರೆಸ್ಸಿನಿಂದ ಬರುವಾಗ ಬರೀ ಕಪ್ಪಾಗಿರುತ್ತದೆ. ಮೊದಲೇ ಒಂದಿಷ್ಟು ಬೆಳಕು ಏರಿಸಿ. ಗದ್ದೆಯ ಹೊಳೆಯುವ ಹಸಿರೂ ಮಂಕಾಗುತ್ತದೆ, ಯಾಕಂದ್ರೆ ಪರದೆ ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ಬಣ್ಣ ತೋರಿಸಿದರೆ ಪ್ರೆಸ್ಸು ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳಲ್ಲಿ ಅದನ್ನು ಕಟ್ಟಬೇಕು. ಮುಖಪುಟಕ್ಕೆ ಹಾಕುವ ಕಾಗದದಲ್ಲೇ ಒಂದು ಪ್ರೂಫ್, ಅಂದರೆ ಮಾದರಿ ಪ್ರತಿ, ಕೇಳಿ. ಸುತ್ತಲೂ 3 ಮಿ.ಮೀ. ಚಿತ್ರ ಜಾಸ್ತಿ ಬಿಡಿ, ಅಂಚು ಕತ್ತರಿಸುವಾಗ ಹೋಗುತ್ತದೆ.

ಇನ್ನು ಅಕ್ಷರ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ಹುತ್ತರಿ’ ಅಂತ ದೊಡ್ಡದಾಗಿ ಬರೆದು ಅದರ ಮೇಲೆ ಯಾರದೋ ತಲೆಯೋ ಪೇಟವೋ ಬರುವ ಹಾಗೆ ಮಾಡಿದರೆ ಮೊದಲು ಮುಚ್ಚಿಹೋಗುವುದೇ ಆ ಒತ್ತು, ಹೆಸರೇ ಓದಲಾಗುವುದಿಲ್ಲ. ಸಾಲುಗಳ ನಡುವೆಯೂ ಜಾಗ ಬೇಕು. ಒಳಗಿನ ಲೇಖನಗಳಲ್ಲಿ ಎರಡು ಮೂರರ ಹೆಸರು ಸಾಕು.

ಮುಂದಿನ ವರ್ಷವೂ ತರುವುದಾದರೆ ಅದೇ ಅಕ್ಷರ, ಅದೇ ಜಾಗ ಇಟ್ಟುಕೊಳ್ಳಿ. ‘ಟೈಮ್’ ಪತ್ರಿಕೆಯ ಕೆಂಪು ಚೌಕಟ್ಟು 1927ರಿಂದ ಇದೆ, ಹೆಸರು ಓದದೆಯೂ ಗುರುತು ಸಿಗುತ್ತದೆ.

ಪ್ರಶ್ನೆ: ಮುಖಪುಟದಲ್ಲಿ ಯಾವಾಗಲೂ ಸಿನಿಮಾದವರ ಮುಖ ಯಾಕೆ? (ಸೋಮವಾರಪೇಟೆಯ ಓದುಗರು)

ಉತ್ತರ: ನಮ್ಮ ಕಣ್ಣು ಮೊದಲು ಹೋಗುವುದೇ ಮುಖದ ಕಡೆ, ಅದರಲ್ಲೂ ನೇರ ನಮ್ಮನ್ನೇ ನೋಡುವ ಕಣ್ಣುಗಳ ಕಡೆ. ತಾರೆಯ ಮುಖ ಮೊದಲೇ ಪರಿಚಿತ, ಹಾಗಾಗಿ ಸುಲಭದ ದಾರಿ. ಆದರೆ 1985ರ ಜೂನ್ ‘ನ್ಯಾಷನಲ್ ಜಿಯಾಗ್ರಫಿಕ್’ ಮುಖಪುಟದಲ್ಲಿದ್ದವಳು ಯಾರಿಗೂ ಗೊತ್ತಿಲ್ಲದ ಒಬ್ಬ ಅಫ್ಘನ್ ಹುಡುಗಿ. ಸ್ಟೀವ್ ಮೆಕರಿ ತೆಗೆದ ಆ ಫೋಟೋದ ಹಸಿರು ಕಣ್ಣುಗಳು ಇವತ್ತಿಗೂ ಜನರ ನೆನಪಿನಲ್ಲಿವೆ. ಕಾಫಿ ಹಣ್ಣು ಕೊಯ್ಯುವ ನಮ್ಮ ಹೆಂಗಸರ ಮುಖಕ್ಕೂ ಆ ಶಕ್ತಿ ಇದೆ ಅಂತ ನಾನು ನಂಬುತ್ತೇನೆ. ಅವರನ್ನು ಕೇಳಿ, ಒಪ್ಪಿದರೆ ಹಾಕಿ.

ಪ್ರಶ್ನೆ: ಒಂದು ಪತ್ರಿಕೆಯ ಮುಖಪುಟದಲ್ಲಿ ಗುಡ್ಡ ಕುಸಿದ ದೊಡ್ಡ ಚಿತ್ರ ಇತ್ತು. ತಂದು ನೋಡಿದರೆ ಒಳಗೆ ಅರ್ಧ ಪುಟ. ಮೋಸ ಅನ್ನಿಸಿತು. (ಮಡಿಕೇರಿಯ ಓದುಗರು)

ಉತ್ತರ: ಮೋಸವೇ. ಮುಖಪುಟ ಕೊಟ್ಟ ಮಾತನ್ನು ಒಳಪುಟ ಉಳಿಸಿಕೊಳ್ಳಬೇಕು. 2018ರ ಆಗಸ್ಟ್ ಮಳೆಯಲ್ಲಿ ಮನೆ, ತೋಟ ಕಳೆದುಕೊಂಡವರು ಇರುವ ಜಿಲ್ಲೆಯಲ್ಲಿ ಆ ಚಿತ್ರವನ್ನು ಸುಮ್ನೆ ಗಿರಾಕಿ ಹಿಡಿಯಲು ಬಳಸುವುದು ಸರಿಯಲ್ಲ. ಹಾಕುವುದಾದರೆ ಆ ಜನ ಈಗ ಎಲ್ಲಿದ್ದಾರೆ, ಹೇಗಿದ್ದಾರೆ ಅಂತ ಪುಟಗಟ್ಟಲೆ ಬರೆಯಲಿ. ಆ ಸಂಪಾದಕರಿಗೆ ಪತ್ರ ಬರೆಯಿರಿ. ಸಂಚಿಕೆಯ ತಾರೀಖು, ಪುಟ ಸಂಖ್ಯೆ ಹಾಕಿ, ನಿಮಗೆ ಒಳಗೆ ಏನು ಓದಬೇಕಿತ್ತು ಅನ್ನುವುದನ್ನೂ ಬರೆಯಿರಿ.