ಅಡುಗೆಮನೆಯ ಚಾಕುವಿಗೆ ಯಾವ ಸಾಣೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ಸ್ಟೀಲ್ ಚಾಕುಗಳೂ ಅತ್ತೆಯವರ ಕಾಲದ ಒಂದು ಈಳಿಗೆಮಣೆಯೂ ಇವೆ. ಎಲ್ಲವೂ ಮೊಂಡಾಗಿವೆ, ಟೊಮೆಟೊ ಹೆಚ್ಚಲು ಹೋದರೆ ಸಿಪ್ಪೆ ಹರಿಯುವ ಮೊದಲೇ ಹಣ್ಣು ಅಪ್ಪಚ್ಚಿಯಾಗುತ್ತದೆ. ಅಂಗಡಿಯವರು ಸಾಣೆಕಲ್ಲು, ಉಕ್ಕಿನ ಸಲಾಕೆ ಮತ್ತು ಚಾಕುವನ್ನು ಸಂದಿನಲ್ಲಿಟ್ಟು ಎಳೆಯುವ ಸಣ್ಣ ಸಾಧನವನ್ನು ತೋರಿಸಿದರು. ಸೈಕಲ್ಲಿನಲ್ಲಿ ಬರುವ ಸಾಣೆಯವರಿಗೆ ಕೊಟ್ಟರೆ ಸಾಕು ಎಂಬುದು ಮನೆಯವರ ಅಭಿಪ್ರಾಯ. ಯಾವುದನ್ನು ಆರಿಸಿಕೊಳ್ಳಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡು ಮುಖದ ಒಂದು ಸಾಣೆಕಲ್ಲನ್ನು ಕೊಳ್ಳಿ. ಒಂದು ಮುಖ 400ರ ಆಸುಪಾಸಿನ ಒರಟು, ಇನ್ನೊಂದು 1000ದ ನಯ ಇದ್ದರೆ ಮನೆಯ ಕೆಲಸಕ್ಕೆ ಅಷ್ಟು ಸಾಕು. ಈ ಅಂಕಿ ಹೆಚ್ಚಿದಷ್ಟೂ ಕಲ್ಲಿನ ಕಣ ಸಣ್ಣದು.

ಎಳೆಯುವ ಸಾಧನ ಸುಲಭವೆಂಬುದು ನಿಜ. ಆದರೆ ಅದರೊಳಗಿನ ಗಡುಸಾದ ಎರಡು ಅಂಚುಗಳು ಚಾಕುವಿನ ಬಾಯಿಯಿಂದ ಲೋಹವನ್ನು ಕೆರೆದು ತೆಗೆಯುತ್ತವೆಯಾದ್ದರಿಂದ, ಬಾಯಿ ಒರಟಾಗಿ ಉಳಿದು ಬೇಗನೆ ಮತ್ತೆ ಮೊಂಡಾಗುತ್ತದೆ, ಚಾಕುವೂ ಬೇಗ ಸವೆಯುತ್ತದೆ. ಉಕ್ಕಿನ ಸಲಾಕೆಯ ಕೆಲಸವೇ ಬೇರೆ: ಬಳಕೆಯಲ್ಲಿ ಒಂದು ಪಕ್ಕಕ್ಕೆ ವಾಲಿದ ಬಾಯಿಯನ್ನು ಅದು ನೆಟ್ಟಗೆ ಮಾಡುತ್ತದೆ. ಪೂರ್ತಿ ಮೊಂಡಾದ ಚಾಕುವಿಗೆ ಅದರಿಂದ ಹೊಸ ಬಾಯಿ ಬರುವುದಿಲ್ಲ.

ಸಾಣೆಯವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಬಾಯಿ ಮುಕ್ಕಾದ ಮಚ್ಚನ್ನೋ ಕತ್ತರಿಯನ್ನೋ ಅವರಿಗೇ ಕೊಡಬೇಕು. ತೆಳು ಚಾಕುವಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನೀರಿಲ್ಲದೆ ತಿರುಗುವ ಚಕ್ರಕ್ಕೆ ಅಲಗನ್ನು ಹೆಚ್ಚು ಹೊತ್ತು ಒತ್ತಿದರೆ ಬಾಯಿ ಕಾಯುತ್ತದೆ, ಉಕ್ಕು ನೀಲಿಗಟ್ಟಿದರೆ ಅಲ್ಲಿನ ಗಡಸುತನ ಹೋಯಿತೆಂದೇ ಅರ್ಥ. ನನ್ನ ತಾಯಿಯವರ ಒಂದು ಚಾಕು ಹೀಗೆ ತುದಿಯಲ್ಲಿ ನೀಲಿಯಾಗಿ ಮರಳಿತ್ತು; ಆ ಒಂದು ಅಂಗುಲ ಎಷ್ಟು ಮಸೆದರೂ ನಾಲ್ಕು ದಿನಕ್ಕೆ ಮೊಂಡಾಗುತ್ತಿತ್ತು.

ಇನ್ನು ಮಸೆಯುವ ಕ್ರಮ. ನೀರಿನ ಕಲ್ಲಾದರೆ ಗುಳ್ಳೆ ನಿಲ್ಲುವವರೆಗೆ ನೆನೆಸಿ, ಜಾರದಂತೆ ಒದ್ದೆ ಬಟ್ಟೆಯ ಮೇಲಿಡಿ. ಚಾಕುವಿನ ಬಾಯಿ ಕಲ್ಲಿಗೆ ತಾಗಿರಲಿ, ಬೆನ್ನು ಸ್ವಲ್ಪ ಮೇಲಿರಲಿ. ಅಲಗು 4 ಸೆಂ.ಮೀ. ಅಗಲವಿದ್ದರೆ ಬೆನ್ನನ್ನು 1 ಸೆಂ.ಮೀ.ಗಿಂತ ತುಸು ಮೇಲೆತ್ತಿದಾಗ ಕೋನ 15ರಿಂದ 20 ಡಿಗ್ರಿಯೊಳಗೆ ಬರುತ್ತದೆ. ಈ ಎತ್ತರವನ್ನು ಬದಲಿಸದೆ ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಮಸೆಯುವುದೇ ಇಡೀ ವಿದ್ಯೆ. ಒತ್ತಡವಾಗಲಿ ವೇಗವಾಗಲಿ ಬೇಕಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಹೆಬ್ಬೆರಳನ್ನು ಮೇಲ್ಮುಖದಲ್ಲಿ ಬೆನ್ನಿನ ಕಡೆಯಿಂದ ಬಾಯಿಯ ಹೊರಕ್ಕೆ ಹಗುರವಾಗಿ ಸವರಿ ನೋಡಿ. ಬಾಯಿಯ ಉದ್ದಕ್ಕೆ ಎಂದೂ ಬೆರಳಾಡಿಸಬೇಡಿ. ಕೂದಲೆಳೆಯಷ್ಟು ಸಣ್ಣ ಏಣೊಂದು ಬೆರಳಿಗೆ ತೊಡರಿದರೆ, ಕೆಳಮುಖದ ಲೋಹ ಸವೆದು ಮೇಲಕ್ಕೆ ಮಡಚಿಕೊಂಡಿದೆ ಎಂದು ತಿಳಿಯಿರಿ. ಹಿಡಿಯಿಂದ ತುದಿಯವರೆಗೆ ಅದು ಸಿಕ್ಕಿದ ಮೇಲಷ್ಟೇ ಚಾಕುವನ್ನು ಮಗುಚಬೇಕು. ಬಹಳ ಜನ ಇಲ್ಲಿಯೇ ಅವಸರ ಮಾಡಿ, ಕಲ್ಲು ಸರಿಯಿಲ್ಲವೆಂದು ಬದಿಗಿಡುತ್ತಾರೆ. ಎರಡೂ ಕಡೆ ಆದ ನಂತರ ನಯ ಮುಖದಲ್ಲಿ ಮತ್ತೆ ಹೀಗೆಯೇ ಮಸೆದು, ಕೊನೆಗೆ ಪಕ್ಕ ಬದಲಿಸುತ್ತಾ ಕೈ ಭಾರ ಹಾಕದೆ ಕೆಲವು ಬಾರಿ ಎಳೆದರೆ ಆ ಏಣು ಉದುರಿಹೋಗುತ್ತದೆ. ಚಾಕುವನ್ನು ತೊಳೆದು ಒರೆಸಿ, ಟೊಮೆಟೊದ ಮೇಲೆ ಅದರ ಭಾರವಷ್ಟೇ ಬೀಳುವಂತೆ ಎಳೆದು ನೋಡಿ.

ಕಲ್ಲು ಕೊಳ್ಳುವವರೆಗೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ತಳದ ಹೊಳಪಿಲ್ಲದ ಬಳೆಯಂಥ ಅಂಚಿಗೆ ಮಸೆಯಬಹುದು. ಗರಗಸದಂತೆ ಹಲ್ಲಿರುವ ಬ್ರೆಡ್ ಚಾಕುವಿಗೆ ಈ ಯಾವ ಉಪಾಯವೂ ಆಗದು. ಮಸೆದ ಚಾಕುವನ್ನು ಗ್ರಾನೈಟ್ ಕಟ್ಟೆಯ ಮೇಲೋ ಸ್ಟೀಲ್ ತಟ್ಟೆಯಲ್ಲೋ ಆಡಿಸದೆ ಮರದ ಹಲಗೆಯ ಮೇಲೆಯೇ ಬಳಸಿ.

ಈಳಿಗೆಯನ್ನು ಕಲ್ಲಿನ ಬಳಿಗೆ ಒಯ್ಯಲಾಗದು, ಕಲ್ಲನ್ನೇ ಅದರ ಬಳಿಗೆ ಒಯ್ಯಬೇಕು. ಮಣೆ ಅಲುಗಾಡದಂತೆ ಭದ್ರಪಡಿಸಿ, ಕೈಯಲ್ಲಿ ಹಿಡಿಯುವಂಥ ಸಣ್ಣ ಕಲ್ಲನ್ನು ಬಾಯಿಯಿಂದ ಬೆನ್ನಿನ ಕಡೆಗೆ ಸಾಗಿಸಿ. ಆಗ ಕೈ ಜಾರಿದರೂ ಬೆರಳು ಬಾಯಿಯಿಂದ ದೂರಕ್ಕೇ ಹೋಗುತ್ತದೆ. ಅಲಗು ಕಬ್ಬಿಣದ ಬಣ್ಣದ್ದಾದರೆ ತೊಳೆದೊಡನೆ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ತುದಿಯ ಕಾಯಿ ತುರಿಯುವ ಹಲ್ಲುಗಳಿಗೆ ಕಲ್ಲು ತಾಗಿಸಬೇಡಿ. ಅವು ಸವೆದಿದ್ದರೆ ಸಂದುಗಳನ್ನು ಸಣ್ಣ ಮುಮ್ಮೂಲೆಯ ಅರದಿಂದ ಒಂದೊಂದಾಗಿ ತೀಡಿ.