ಪಾಸ್ಟರ್ ಮಗಳು ಅಂದ್ಮೇಲೆ ಕೀಬೋರ್ಡ್ ಪುಕ್ಕಟೆ ನುಡಿಸ್ಬೇಕಾ?

ತೀರ್ಥಹಳ್ಳಿ ಕಡೆಯಿಂದ ಒಬ್ಬ ಹುಡುಗಿ ಬರೆದಿದ್ದಾಳೆ, 23 ವರ್ಷ, ಹೆಸರು ಹಾಕ್ಬೇಡಿ ಅಂದಿದ್ದಾಳೆ. ಅಪ್ಪ ಪಾಸ್ಟರು. 14 ವರ್ಷದವಳಿದ್ದಾಗಿಂದ ಚರ್ಚಲ್ಲಿ ಕೀಬೋರ್ಡ್ ನುಡಿಸ್ತಾಳೆ, ಶನಿವಾರ ಕ್ವಾಯರ್ ಪ್ರಾಕ್ಟೀಸು, ಭಾನುವಾರ ಎರಡು ಆರಾಧನೆ, ಮಧ್ಯದಲ್ಲಿ ಸಂಡೇ ಸ್ಕೂಲು, ಹಾಡಿನ ಪಿಪಿಟಿ ಮಾಡೋದೂ ಇವಳೇ, ಮೇ ತಿಂಗಳಲ್ಲಿ ವಿಬಿಎಸ್ ಅಂದ್ರೆ ಮಕ್ಕಳ ರಜಾ ಬೈಬಲ್ ಶಾಲೆ, ಡಿಸೆಂಬರಲ್ಲಿ ಕ್ಯಾರಲ್ಸ್ ಅಂತ ಮಧ್ಯರಾತ್ರಿವರೆಗೆ ಮನೆಮನೆ ಸುತ್ತೋದು. ಬಿಕಾಂ ಪರೀಕ್ಷೆ ಟೈಮಲ್ಲಿ ಎರಡು ತಿಂಗಳು ಬಿಟ್ಟಿದ್ಲು, ಆಗ ಶಿವಮೊಗ್ಗದಿಂದ ಒಬ್ಬ ಹುಡುಗನ್ನ ಕರೆಸಿ ಭಾನುವಾರಕ್ಕೆ 1500 ರೂಪಾಯಿ, ಬಸ್ ಚಾರ್ಜು ಬೇರೆ ಕೊಟ್ರಂತೆ. ಇವಳು ವಾಪಸ್ ಬಂದ ವಾರದಿಂದ ಮತ್ತೆ ಸೊನ್ನೆ. ಕೇಳಿದ್ದಕ್ಕೆ ಕಮಿಟಿಯವರು "ಮನೆ ಕೆಲಸಕ್ಕೆ ಯಾರಾದ್ರೂ ಕೂಲಿ ಕೇಳ್ತಾರೇನಮ್ಮ" ಅಂದಿದ್ದಾರೆ, ಟ್ರೆಜರರ್ "ಪಾಸ್ಟರ್ ಮಗಳಿಗೆ ದುಡ್ಡು ಕೊಟ್ರೆ ಆಡಿಟರ್ ಒಪ್ಪಲ್ಲ" ಅಂದಿದ್ದಾರೆ, ಪಪ್ಪ ಮಾತೇ ಆಡಿಲ್ಲ, ಊಟ ಬಿಟ್ಟು ಎದ್ದು ಹೋದ್ರಂತೆ. ಈಗ ಶಿವಮೊಗ್ಗದಲ್ಲಿ ಒಂದು ಕೆಲಸ ಸಿಕ್ಕಿದೆ, ಶನಿವಾರವೂ ಡ್ಯೂಟಿ, ಇದೇ 10ನೇ ತಾರೀಖಿನೊಳಗೆ ಹೇಳ್ಬೇಕು. "ದೇವರ ಕೆಲಸಕ್ಕೆ ಲೆಕ್ಕ ಹಾಕೋ ನಾನು ಕೆಟ್ಟವಳಾ ಅಕ್ಕ?" ಅಂತ ಕೇಳಿದ್ದಾಳೆ.

ಇಲ್ಲ ತಂಗಿ, ನೀನು ಕೆಟ್ಟವಳಲ್ಲ. ನಾನೂ ಪಾಸ್ಟರ್ ಮಗಳೇ, ಮಲೆನಾಡಿನ ಚರ್ಚಿನ ಕ್ವಾರ್ಟರ್ಸಲ್ಲೇ ಬೆಳೆದವಳು. ಮಳೆಗಾಲ ಬಂತು ಅಂದ್ರೆ ಬೆಂಚಿಗೆಲ್ಲ ಬಿಳಿ ಬೂಷ್ಟು ಹಿಡೀತಿತ್ತು, ಪ್ರತಿ ಶನಿವಾರ ಸಂಜೆ ನಾನೂ ಅಮ್ಮನೂ ಒಣಬಟ್ಟೆ ತಗೊಂಡು ಒಂದೊಂದೇ ಬೆಂಚು ಒರೆಸ್ತಿದ್ವಿ, ಹಾಡಿನ ಪುಸ್ತಕಗಳನ್ನ ಒಲೆ ಹತ್ರ ತಂದು ಹರಡಿ ಒಣಗಿಸ್ತಿದ್ವಿ, ಬೆಳಗ್ಗೆ ಬಂದವರು ಕೂತು ಹಾಡಿ ಎದ್ದು ಹೋಗ್ತಿದ್ರು, ಬೆಂಚು ಯಾಕೆ ಒಣಗಿದೆ ಅಂತ ಒಬ್ರೂ ಕೇಳಿದವರಿಲ್ಲ. ನನಗೆ ನೋವಾಗಿದ್ದು ದುಡ್ಡು ಸಿಗಲಿಲ್ಲ ಅಂತಲ್ಲ, ಒಂದ್ಸಲ ಜ್ವರ ಬಂದು ಮಲಗಿದಾಗ "ಪಾಸ್ಟರ್ ಮನೆಯವರಿಗೇ ಭಕ್ತಿ ಇಲ್ಲ" ಅಂದ್ರಲ್ಲ, ಅದಕ್ಕೆ. ಸೇವೆ ಅನ್ನೋದು ಮನಸ್ಸಿಂದ ಕೊಡೋದು, ಇವತ್ತು ಆಗಲ್ಲ ಅನ್ನೋ ಸ್ವಾತಂತ್ರ್ಯವೇ ಇಲ್ಲ ಅಂದ್ರೆ ಅದನ್ನ ಸೇವೆ ಅಂತ ಹೇಗೆ ಕರೀತೀರಿ? ದೇವರ ಕರೆ ಬಂದಿದ್ದು ನಿಮ್ಮ ಪಪ್ಪನಿಗೆ. ನಿನಗೂ ಬಂದಿರಬಹುದು, ಆದ್ರೆ ಅದನ್ನ ಹೇಳ್ಬೇಕಾದವಳು ನೀನು, ಕಮಿಟಿ ಅಲ್ಲ.

ಆ "ಮನೆ ಕೆಲಸ" ಅನ್ನೋ ಮಾತಿಗೆ ಬರ್ತೀನಿ, ಅದು ನನಗೆ ತುಂಬಾ ಚುಚ್ಚಿತು. ನಮ್ಮ ಕಡೆ ಅಡಿಕೆ ಕೊಯ್ಲಲ್ಲಿ ಸುಲಿಯೋಕೆ ಬಂದವರ ಪಕ್ಕದಲ್ಲೇ ಮನೆ ಮಕ್ಕಳೂ ಮೆಟ್ಟುಗತ್ತಿ ಹಾಕ್ಕೊಂಡು ಕೂರ್ತಾರೆ, ರಾತ್ರಿವರೆಗೂ ಸುಲೀತಾರೆ, ಬಂದವರಿಗೆ ಅಳತೆ ಮಾಡಿ ಕೂಲಿ ಕೊಡ್ತಾರೆ, ಮನೆ ಮಕ್ಕಳಿಗಿಲ್ಲ. ಸರಿ, ಯಾಕಂದ್ರೆ ಆ ಅಡಿಕೆ ಮಾರಿದ ದುಡ್ಡು ಅದೇ ಮನೆಗೆ ಬರುತ್ತೆ, ತೋಟ ನಾಳೆ ಆ ಮಕ್ಕಳದ್ದೇ. ಚರ್ಚು ನಿಮ್ಮ ಪಪ್ಪನ ತೋಟನಾ? ನಾಳೆ ಟ್ರಾನ್ಸ್‌ಫರ್ ಆದ್ರೆ ಕ್ವಾರ್ಟರ್ಸ್ ಬೀಗ ಕೊಟ್ಟು ಲಾರಿ ಹತ್ತೋ ಮನೆ ಅದು. ಮುಯ್ಯಾಳು ಅಂದ್ರೂ ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ ಅಂತ ಲೆಕ್ಕ ಇದೆ, ನಿನಗೆ ಅದೂ ಇಲ್ವಲ್ಲ.

ಬೈಬಲ್ ವಚನ ತೋರಿಸಿ ಬಾಯಿ ಮುಚ್ಚಿಸ್ತಾರೆ ಅಂತ ಭಯ ಅಂದಿದ್ದೀಯ. ನೆಹೆಮೀಯ 13ನೇ ಅಧ್ಯಾಯದ 10ನೇ ವಚನ ತೆಗೆದು ಓದು. ದೇವಾಲಯದಲ್ಲಿ ಸೇವೆ ಮಾಡೋ ಕುಲದವರಾದ ಲೇವಿಯರಿಗೆ ಕೊಡ್ಬೇಕಾದ ಪಾಲು ಕೊಡದೆ ಬಿಟ್ಟಿದ್ರು, ಅದಕ್ಕೆ ಲೇವಿಯರೂ ಗಾಯಕರೂ ಕೆಲಸ ಬಿಟ್ಟು ತಮ್ಮ ತಮ್ಮ ಹೊಲಕ್ಕೆ ಹೊರಟುಹೋದ್ರು. ಗಾಯಕರು ಅಂತಲೇ ಬರೆದಿದೆ ನೋಡು! ಅಲ್ಲಿನ ಅಧಿಪತಿ ನೆಹೆಮೀಯ ಬಂದು ಅವರನ್ನ ಬೈಲಿಲ್ಲ, ಅಧಿಕಾರಿಗಳನ್ನ ಬೈದ, ಅವರನ್ನ ವಾಪಸ್ ಕರೆಸಿದ, ಪಾಲು ಸರಿಯಾಗಿ ಹಂಚೋಕೆ ನಂಬಿಕಸ್ಥರನ್ನ ನೇಮಿಸಿದ. ಕೆಲಸದವನು ತನ್ನ ಕೂಲಿಗೆ ಯೋಗ್ಯನು ಅಂತ ಲೂಕ 10ರಲ್ಲಿ ಯೇಸುವೇ ಹೇಳಿದ್ದು. ಅಪೊಸ್ತಲ ಪೌಲ ಸೇವೆಗೆ ದುಡ್ಡು ತಗೊಳ್ಲಿಲ್ವಲ್ಲ ಅಂತಾರೆ, 1 ಕೊರಿಂಥ 9 ಪೂರ್ತಿ ಓದಿದ್ರೆ ಗೊತ್ತಾಗುತ್ತೆ, ತುಳಿಯೋ ಎತ್ತಿನ ಬಾಯಿ ಕಟ್ಟಬಾರದು ಅನ್ನೋದರಿಂದ ಹಿಡಿದು ತನಗೆ ಹಕ್ಕಿದೆ ಅಂತ ಸಾಲುಸಾಲಾಗಿ ವಾದ ಮಾಡಿ ಆಮೇಲೆ ತಾನಾಗೇ ಬಿಟ್ಟುಕೊಟ್ಟ, ಬಿಟ್ಟಿದ್ದು ತನ್ನ ಹಕ್ಕನ್ನ, ಇನ್ನೊಬ್ಬರ ಮಗಳದ್ದನ್ನಲ್ಲ.

ಟ್ರೆಜರರ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಧರ್ಮದ ಟ್ರಸ್ಟುಗಳು ತಮ್ಮದೇ ಟ್ರಸ್ಟಿಗಳಿಗೆ, ಅವರ ಸಂಬಂಧಿಕರಿಗೆ ದುಡ್ಡು ಕೊಡೋ ವಿಷಯದಲ್ಲಿ 1961ರ ಆದಾಯ ತೆರಿಗೆ ಕಾಯ್ದೆ 13ನೇ ಸೆಕ್ಷನಲ್ಲಿ ನಿರ್ಬಂಧ ಹಾಕಿತ್ತು, ಆದ್ರೆ ಅದು ತಪ್ಪು ಅಂದಿದ್ದು ಮಾಡಿದ ಕೆಲಸಕ್ಕೆ ಮೀರಿ ಕೊಡೋದನ್ನ, ನ್ಯಾಯವಾದ ಸಂಬಳವನ್ನಲ್ಲ. ಹೊರಗಿನ ಹುಡುಗನಿಗೆ ಕೊಟ್ಟ 1500ರ ವೋಚರ್ ಫೈಲಲ್ಲೇ ಇದೆಯಲ್ಲ, ನಿನ್ನ ರೇಟಿಗೆ ಅದಕ್ಕಿಂತ ಸಾಕ್ಷಿ ಬೇಕಾ. ಕಮಿಟಿ ಮೀಟಿಂಗಲ್ಲಿ ವಿಷಯ ಇಡಲಿ, ಪಪ್ಪ ಆ ಹೊತ್ತಿಗೆ ಹೊರಗೆ ಕೂರಲಿ, ನಡಾವಳಿ ಪುಸ್ತಕದಲ್ಲಿ ಬರೀಲಿ, ನಿನ್ನ ಬ್ಯಾಂಕ್ ಖಾತೆಗೇ ಹಾಕಲಿ. ಕವರಲ್ಲಿಟ್ಟು ಪಪ್ಪನ ಕೈಗೆ ಕೊಡೋದು ಬೇಡವೇ ಬೇಡ.

ಒಂದು ವಿಷಯದಲ್ಲಿ ಮಾತ್ರ ನಾನು ನಿನ್ನ ಜೊತೆ ಇಲ್ಲ. ಒಂಬತ್ತು ವರ್ಷದ ಹಳೇ ಬಾಕಿ ಕೇಳ್ಬೇಕು ಅಂತ ಕೊನೆಯಲ್ಲಿ ಬರೆದಿದ್ದೀಯಲ್ಲ, ಕೇಳ್ಬೇಡ ತಂಗಿ. ಯಾರೂ ಮಾತಾಡಿಕೊಂಡಿರದ ಲೆಕ್ಕ ಅದು, ಅದನ್ನ ತೆಗೆದ್ರೆ ನಾಳೆಯ ವಿಷಯವೂ ಜಗಳದಲ್ಲೇ ಮುಳುಗಿ ಹೋಗುತ್ತೆ, ಪಪ್ಪ ಇನ್ನೂ ಕುಗ್ಗಿಹೋಗ್ತಾರೆ. ಎಲ್ಲದಕ್ಕೂ ರೇಟು ಹಾಕ್ಲೂಬೇಡ. ಸಂಡೇ ಸ್ಕೂಲ್ ಮಕ್ಕಳ ಬಗ್ಗೆ ನೀನು ಬರೆದ ನಾಲ್ಕು ಸಾಲು ಓದಿದ್ರೆ ಅದು ನಿನಗೆ ಎಷ್ಟು ಇಷ್ಟ ಅಂತ ಗೊತ್ತಾಗುತ್ತೆ, ಅದನ್ನ ಬೇರೆ ಸಭಿಕರ ಹಾಗೆ ಸೇವೆಯಾಗೇ ಇಟ್ಕೋ. ನೀನಿಲ್ಲದಿದ್ರೆ ದುಡ್ಡು ಕೊಟ್ಟು ಯಾರನ್ನ ಕರೆಸ್ತಾರೋ ಆ ಕೆಲಸಕ್ಕೆ ಮಾತ್ರ ದುಡ್ಡು ಕೇಳು. ಸಣ್ಣ ಸಭೆ, ನಲವತ್ತು ಮನೆ, ಪಪ್ಪನ ಸಂಬಳವೇ ತಡ ಆಗುತ್ತೆ ಅಂದಿದ್ದೀಯ, ಹಾಗಾಗಿ ನಿಜವಾಗ್ಲೂ ದುಡ್ಡಿಲ್ಲ ಅಂತ ಅವರು ಹೇಳಬಹುದು, ಆಗ ತಿಂಗಳಿಗೆ ಎರಡೇ ಭಾನುವಾರ ಅಂತ ಹೇಳು, ಉಳಿದೆರಡು ಭಾನುವಾರ ಕೀಬೋರ್ಡ್ ಇಲ್ಲದೆ ಹಾಡಲಿ, ಪರವಾಗಿಲ್ಲ. ಮತ್ತೆ, ನಿನ್ನ ತಮ್ಮ ಭಾನುವಾರ ಕ್ರಿಕೆಟ್ಟಿಗೆ ಹೋದ್ರೆ ಯಾರೂ ಏನೂ ಅನ್ನಲ್ಲ ಅಂತ ಒಂದೇ ಸಾಲಲ್ಲಿ ಬರೆದು ಮುಂದೆ ಹೋಗಿದ್ದೀಯ, ಆ ಮಾತನ್ನ ಅಮ್ಮನ ಹತ್ರ ಬಿಡಿಸಿ ಹೇಳು, ಅವರಿಗೆ ಬೇಗ ಅರ್ಥ ಆಗುತ್ತೆ.

ಪಪ್ಪ ಊಟ ಬಿಟ್ಟು ಎದ್ದಿದ್ದು ನಿನ್ನ ಮೇಲಿನ ಕೋಪಕ್ಕಲ್ಲ ಅನ್ಸುತ್ತೆ ನನಗೆ. ಸಂಬಳ ತಡ ಆದ್ರೂ ಬಾಯಿ ಬಿಡದ ಮನುಷ್ಯ, ತಾನು ಕೇಳೋಕೆ ಆಗದ್ದನ್ನ ಮಗಳು ಕೇಳಿಬಿಟ್ಲಲ್ಲ ಅಂತ ಇರಬಹುದು. ಅವರ ಜೊತೆ ಮನೆಯಲ್ಲಿ ಮಾತಾಡ್ಬೇಡ, ಅಲ್ಲಿ ಯಾರಾದ್ರೂ ಬರ್ತಾನೇ ಇರ್ತಾರೆ. ತುಂಗೆ ದಡಕ್ಕೆ ಕರ್ಕೊಂಡು ಹೋಗಿ ಕೂರಿಸಿ, "ಪಪ್ಪ, ನಾನು ಚರ್ಚ್ ಬಿಡಲ್ಲ, ಆದ್ರೆ ನಂಗೂ ಜೀವನ ಆಗ್ಬೇಕು" ಅಂತಷ್ಟೇ ಹೇಳು, ಕಮಿಟಿ ಸುದ್ದಿ ಆಮೇಲೆ.

ಅದಕ್ಕೂ ಮೊದಲು ಆ ಶಿವಮೊಗ್ಗದ ಕೆಲಸಕ್ಕೆ ಬರ್ತೀನಿ ಅಂತ ಫೋನ್ ಮಾಡ್ಬಿಡು, 10ನೇ ತಾರೀಖಿನವರೆಗೆ ಕಾಯ್ಬೇಡ. ಶನಿವಾರದ ಪ್ರಾಕ್ಟೀಸನ್ನ ಭಾನುವಾರ ಆರಾಧನೆ ಮುಗಿದ್ಮೇಲೆ ಇಟ್ಕೊಳ್ಳೋಕೆ ಕ್ವಾಯರ್‌ನವರಿಗೆ ಹೇಳು.